ಮಕ್ಕಳ ಗ್ರಾಮಸಭೆಯೂ ದೊಡ್ಡವರ ಮರವೆಯೂ

ಪ್ರತಿ ವರ್ಷ ನವೆಂಬರು ತಿಂಗಳಲ್ಲಿ, ಮಕ್ಕಳ ದಿನಾಚರಣೆಯ ಸುಮಾರಿಗೆ, ನಮ್ಮ ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆಗಳು ಸೇರಲಾರಂಭಿಸುತ್ತವೆ. ಪ್ರತಿಯೊಂದು ಗ್ರಾಮ ಪಂಚಾಯತಿಯೂ ವರ್ಷಕ್ಕೊಂದಾವೃತ್ತಿ ತನ್ನ ಎಲ್ಲೆಯೊಳಗಿನ ಮಕ್ಕಳನ್ನು ಕರೆದು ಕೂರಿಸಿ, ಅವರ ಕಷ್ಟಸುಖಗಳನ್ನು ಅವರ ಬಾಯಿಂದಲೇ ಕೇಳತಕ್ಕದ್ದೆಂದು ೨೦೦೬ರಲ್ಲಿ ಕರ್ನಾಟಕ ಸರ್ಕಾರದವರು ಸುತ್ತೋಲೆಯನ್ನು ಹೊರಡಿಸಿದರು. ರಾಜ್ಯದಲ್ಲಿ ೬,೦೦೦ಕ್ಕೆ ಸಮೀಪವಾದಷ್ಟು ಗ್ರಾಮ ಪಂಚಾಯತಿಗಳಿರುವುದನ್ನು ನೆನೆದರೆ ಇದು ಸಾಮಾನ್ಯವಾದ ಏರ್ಪಾಡಲ್ಲ. ಮತದಾನದ ಹಕ್ಕಿಲ್ಲದ ಪ್ರಜೆಗಳ ಮಾತನ್ನು ಕೇಳುವುದಕ್ಕೆ ಒಂದು ದಿನವನ್ನು ಗೊತ್ತುಮಾಡಿದ ಕೀರ್ತಿ ಸರ್ಕಾರದವರಿಗೆ ಸಲ್ಲತಕ್ಕದ್ದೇ. ಆದರೆ ಸಭೆ ಸೇರಿತೆಂಬುದು ಒಂದು ಮಾತು. ಸೇರಿದ ಸಭೆಯಲ್ಲಿ ಮಕ್ಕಳು ಹೇಳಿದ್ದು ಏನಾಯಿತೆಂಬುದು ಬೇರೆ ಮಾತು. ಈ ಎರಡನೆಯದನ್ನು ಕುರಿತು ವಾಚಕರೊಡನೆ, ವಿಶೇಷವಾಗಿ ಅಧಿಕಾರದಲ್ಲಿರುವ ವಾಚಕರೊಡನೆ, ವಿಚಾರ ಮಾಡುವುದು ಅವಶ್ಯವೆಂದು ನಮಗೆ ತೋರಿದೆ.

ಇಂತಹ ಸಭೆಗಳ ಕ್ರಮವನ್ನು ಬಲ್ಲವರಿಗೆ ವರ್ಣನೆ ಬೇಕಾಗಿಲ್ಲ. ಶಾಮಿಯಾನ, ಪ್ರಾರ್ಥನೆ, ಸ್ವಾಗತ, ಮಾಲಾರ್ಪಣೆ, ಉದ್ಘಾಟಕರ ಭಾಷಣ, ಅತಿಥಿಗಳ ಭಾಷಣ, ಇವುಗಳಿಗೆ ಬೆಳಗಿನ ಹೊತ್ತೆಲ್ಲ ಸಂದ ಮೇಲೆ, ಊಟದ ಗಂಟೆ ಸಮೀಪಿಸಿದಾಗ ಧ್ವನಿವರ್ಧಕವು ಮಕ್ಕಳ ಕಡೆಗೆ ಹೊರಳುತ್ತದೆ. ಎಲ್ಲೆಡೆಯೂ ಹೀಗೆಯೇ ಎಂದು ನಾವು ಹೇಳೆವು. ಮಕ್ಕಳ ಮಾತನ್ನೇ ಮೊದಲು ಕೇಳಿ ಉಳಿದುದನ್ನು ಆಮೇಲೆ ಇಟ್ಟುಕೊಳ್ಳುವ ಪಂಚಾಯತಿಗಳೂ ಇವೆ. ಮಕ್ಕಳು ಎದ್ದು ಹೇಳುವ ಸಂಗತಿಗಳಾದರೋ ಬಹಳ ಸಣ್ಣವು. ಶೌಚಾಲಯಕ್ಕೆ ಬಾಗಿಲಿದೆ, ಒಳಗಿನ ಚಿಲಕವಿಲ್ಲ. ನಲ್ಲಿಯಿದೆ, ಎರಡನೆಯ ತರಗತಿಯವರ ಕೈಗೆ ಎಟುಕುವುದಿಲ್ಲ. ಬಸ್ಸು ಬರುತ್ತದೆ, ಶಾಲೆಯ ಗಂಟೆ ಬಾರಿಸಿದ ಅರ್ಧ ತಾಸಿನ ಮೇಲೆ ಬರುತ್ತದೆ. ಇವುಗಳಿಗೆ ಮೇಜಿನ ಆಚೆಯಿಂದ ಬರುವ ಉತ್ತರ ಒಂದೇ: ‘ಪರಿಶೀಲಿಸಲಾಗುವುದು’. ಕನ್ನಡ ವ್ಯಾಕರಣದಲ್ಲಿ ಕರ್ಮಣಿ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗವನ್ನು ಸರ್ಕಾರೀ ಕಚೇರಿಗಳ ಹೊರತು ಬೇರೆ ಯಾರೂ ಕಂಡುಹಿಡಿದಿಲ್ಲ. ಪರಿಶೀಲಿಸುವವರು ಯಾರು, ಯಾವ ದಿನ, ಎಂಬುದೆಲ್ಲ ಆ ಒಂದೇ ಪದದಲ್ಲಿ ಅಡಗಿಹೋಗುತ್ತದೆ.

ಮೇಲೆ ಹೇಳಿದ ದೂರುಗಳನ್ನು ವಾಚಕರು ಇನ್ನೊಮ್ಮೆ ನೋಡಬೇಕು. ಅವು ಬರಿಯ ದೂರುಗಳಲ್ಲ. ಪ್ರತಿಯೊಂದರಲ್ಲಿಯೂ ಪರಿಹಾರದ ಅರ್ಧ ಭಾಗ ಸೇರಿಕೊಂಡಿದೆ. ಚಿಲಕವೆಲ್ಲಿರಬೇಕು, ನಲ್ಲಿ ಎಷ್ಟು ತಗ್ಗಿನಲ್ಲಿರಬೇಕು, ಬಸ್ಸು ಎಷ್ಟು ಹೊತ್ತು ಮುಂಚೆ ಹೊರಡಬೇಕು ಎಂಬ ವಿಷಯಗಳಲ್ಲಿ ಆ ಊರಿನಲ್ಲಿ ಆ ಮಕ್ಕಳಿಗಿಂತ ಹೆಚ್ಚಿನ ತಜ್ಞರಿಲ್ಲ. ಎಳೆಯರ ಬುದ್ಧಿಯನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಊರಿನ ಕೆಲವು ಕೊರತೆಗಳು ಮೂರೂವರೆ ಅಡಿಯ ಎತ್ತರದಿಂದ ನೋಡಿದವರಿಗೆ ಮಾತ್ರ ಕಾಣತಕ್ಕವು ಎಂಬಷ್ಟೇ ನಮ್ಮ ಅಭಿಪ್ರಾಯ.

ಕಾಲುಸಂಕದ ವಿಷಯವನ್ನು ತೆಗೆದುಕೊಳ್ಳೋಣ. ಬಯಲುಸೀಮೆಯ ವಾಚಕರಿಗಾಗಿ ಹೇಳುವುದಾದರೆ, ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಹಳ್ಳ ತೊರೆಗಳನ್ನು ದಾಟುವುದಕ್ಕೆ ಅಡಕೆಯ ಮರವನ್ನೋ ಕಾಡುಮರದ ದಿಮ್ಮಿಯನ್ನೋ ಅಡ್ಡ ಹಾಕಿ ಕಟ್ಟಿದ ಸಣ್ಣ ಸೇತುವೆಗೆ ಈ ಹೆಸರು. ಬೇಸಗೆಯಲ್ಲಿ ಅದು ನೋಡುವುದಕ್ಕೆ ಚೆಂದ. ಛಾಯಾಚಿತ್ರ ತೆಗೆಯುವವರಿಗೂ ಪ್ರಿಯ. ಆಷಾಢದ ಮಳೆಯಲ್ಲಿ ಮರದ ಮೇಲೆ ಪಾಚಿ ಕಟ್ಟಿ, ಕೆಳಗೆ ಕೆಂಪು ನೀರು ಸುತ್ತುವಾಗ, ಬೆನ್ನಿಗೆ ಪುಸ್ತಕದ ಚೀಲವನ್ನೂ ಒಂದು ಕೈಯಲ್ಲಿ ಕೊಡೆಯನ್ನೂ ಹಿಡಿದ ಏಳು ವರುಷದ ಮಗುವಿಗೆ ಅದು ಏನಾಗಿ ಕಾಣುವುದೆಂಬುದನ್ನು ಊಹಿಸಬಹುದು. ೨೦೨೨ರ ಮಳೆಗಾಲದಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಎಳೆಯ ಬಾಲಕಿಯೊಬ್ಬಳು ಇಂತಹ ಸಂಕದಿಂದ ಜಾರಿ ಹಳ್ಳದ ಪಾಲಾದಳು. ಅನಂತರ ಅಧಿಕಾರಿಗಳು ಓಡಾಡಿದರು, ಎಲ್ಲೆಲ್ಲಿ ಎಷ್ಟು ಸಂಕಗಳಿವೆಯೆಂಬ ಲೆಕ್ಕ ಕೇಳಲಾಯಿತು. ಅದಕ್ಕೆ ಮೊದಲೇ ಲೋಕೋಪಯೋಗಿ ಇಲಾಖೆಯವರ ‘ಶಾಲಾ ಸಂಪರ್ಕ ಸೇತು’ ಎಂಬ ಯೋಜನೆಯಿದ್ದು, ಕೆಲವೆಡೆ ಸೇತುವೆಗಳೂ ಆಗಿದ್ದವು. ಆದರೂ ಎಲ್ಲಿ ಮೊದಲು ಕಟ್ಟಬೇಕೆಂಬುದನ್ನು ಗೊತ್ತುಮಾಡುವವರು ಯಾರು? ಭೂಪಟವನ್ನು ನೋಡುವ ಇಂಜಿನಿಯರಿಗೆ ಮನೆಗಳ ಸಂಖ್ಯೆ ಕಾಣುತ್ತದೆ, ರಸ್ತೆಯ ದೂರ ಕಾಣುತ್ತದೆ. ಯಾವ ಸಂಕವನ್ನು ದಿನಕ್ಕೆ ಎರಡಾವೃತ್ತಿ ಹನ್ನೆರಡು ಮಕ್ಕಳು ದಾಟುತ್ತಾರೆ, ಯಾವುದರಲ್ಲಿ ಹಿಡಿಕೆಯ ಹಗ್ಗವು ದೊಡ್ಡವರ ಹೆಗಲಿಗೆ ಸರಿಯಾಗಿದ್ದು ಮಗುವಿನ ತಲೆಯ ಮೇಲಾಗಿ ಹೋಗುತ್ತದೆ, ಯಾವುದರಲ್ಲಿ ಎರಡು ಮರಗಳ ನಡುವಣ ಸಂದು ಸಣ್ಣ ಪಾದ ಸಿಕ್ಕಿಕೊಳ್ಳುವಷ್ಟಿದೆ ಎಂಬುದು ಭೂಪಟದಲ್ಲಿಲ್ಲ. ನಾಲ್ಕನೆಯ ತರಗತಿಯ ಮಕ್ಕಳು ಒಂದು ಹಾಳೆಯ ಮೇಲೆ ತಮ್ಮ ಮನೆಯಿಂದ ಶಾಲೆಯವರೆಗಿನ ದಾರಿಯನ್ನು ಬರೆದು, ಹೆದರಿಕೆಯಾಗುವ ಜಾಗಕ್ಕೆ ಕೆಂಪು ಗುರುತು ಹಾಕಿ ಕೊಟ್ಟರೆ, ಅದು ಇಲಾಖೆಗೆ ಸಲ್ಲಬೇಕಾದ ದಾಖಲೆಯೇ ಹೊರತು ಗೋಡೆಗೆ ಅಂಟಿಸುವ ಚಿತ್ರವಲ್ಲ.

ಇದೆಲ್ಲ ಊಹೆಯ ಮಾತೆಂದು ಯಾರೂ ಭಾವಿಸಬಾರದು. ಅದೇ ಸೀಮೆಯ ಕುಂದಾಪುರ ತಾಲ್ಲೂಕಿನಲ್ಲಿ ೧೯೯೦ರ ದಶಕದಲ್ಲಿಯೇ, ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಎಂಬ ಸಂಸ್ಥೆಯವರ ಪ್ರಯತ್ನದಿಂದ, ಮಕ್ಕಳ ಪಂಚಾಯತಿಗಳು ಹುಟ್ಟಿಕೊಂಡವು. ೧೯೯೦ರಲ್ಲಿ ಸ್ಥಾಪಿತವಾದ ಭೀಮ ಸಂಘವೆಂಬ ದುಡಿಯುವ ಮಕ್ಕಳ ಸಂಘಟನೆ ಇದರ ಬೆನ್ನಿಗಿತ್ತು. ಹೋಟೆಲಿನಲ್ಲಿ ತಟ್ಟೆ ತೊಳೆದ, ದನ ಕಾಯ್ದ, ತಮ್ಮ ತಂಗಿಯರನ್ನು ಎತ್ತಿಕೊಂಡು ಮನೆಯಲ್ಲಿಯೇ ಉಳಿದ ಮಕ್ಕಳೂ, ಶಾಲೆಗೆ ಹೋಗುವ ಮಕ್ಕಳೂ ಒಟ್ಟಿಗೆ ಸೇರಿ ತಮ್ಮ ಪ್ರತಿನಿಧಿಗಳನ್ನು ಆರಿಸಿಕೊಂಡರು. ಮನೆಮನೆಗೆ ಹೋಗಿ ವಿಚಾರಿಸಿ ಲೆಕ್ಕ ಬರೆದರು. ಹತ್ತನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ತಮ್ಮ ಪಂಚಾಯತಿಗೆ ಏನೇನು ಬೇಕೆಂಬುದನ್ನು ಬರವಣಿಗೆಯಲ್ಲಿ ಸಿದ್ಧಪಡಿಸಿದರು. ಇಂದು ರಾಜ್ಯವೆಲ್ಲ ಸೇರುತ್ತಿರುವ ಮಕ್ಕಳ ಗ್ರಾಮಸಭೆಗೆ ದಾರಿ ತೋರಿದ್ದು ಆ ಹಳ್ಳಿಗಳ ಅನುಭವ. ಅಲ್ಲಿ ಫಲ ಕಂಡುದಕ್ಕೆ ಕಾರಣವೇನೆಂಬುದನ್ನು ಗಮನಿಸಬೇಕು. ಮಕ್ಕಳು ಲೆಕ್ಕವನ್ನು ಹಿಡಿದುಕೊಂಡು ಬಂದಿದ್ದರು. ಅವರೆದುರಿಗೆ ಕುಳಿತವರು ಉತ್ತರ ಕೊಡಬೇಕಾದ ಸ್ಥಿತಿಯಲ್ಲಿದ್ದರು. ಒಂದು ಸಭೆಗೂ ಮುಂದಿನ ಸಭೆಗೂ ನಡುವೆ ಕೇಳುವವರಿದ್ದರು. ಸುತ್ತೋಲೆಯು ಸಭೆಯನ್ನು ರಾಜ್ಯಕ್ಕೆಲ್ಲ ಹರಡಿತು. ಕೇಳುವವರನ್ನು ಹರಡಲಿಲ್ಲ.

ಅಹಮದಾಬಾದಿನ ಪ್ರಯತ್ನವೊಂದು ಇದಕ್ಕೆ ಹೋಲಿಸತಕ್ಕದ್ದಾಗಿದೆ. ಅಲ್ಲಿ ರಿವರ್‌ಸೈಡ್ ಎಂಬ ಶಾಲೆಯನ್ನು ೨೦೦೧ರಲ್ಲಿ ಆರಂಭಿಸಿದ ಶ್ರೀಮತಿ ಕಿರಣ್ ಬೀರ್ ಸೇಥಿಯವರು ೨೦೦೯ರಲ್ಲಿ ‘ಡಿಸೈನ್ ಫಾರ್ ಚೇಂಜ್’ ಎಂಬ ಕಾರ್ಯಕ್ರಮವನ್ನು ದೇಶದ ಶಾಲೆಗಳಿಗೆಲ್ಲ ಒಡ್ಡಿದರು. ನಿನ್ನನ್ನು ಕಾಡುವ ಸಂಗತಿಯನ್ನು ಅರಿತುಕೊ, ಅದು ಹೇಗಿರಬೇಕೆಂದು ಊಹಿಸು, ಮಾಡಿ ನೋಡು, ಮಾಡಿದ್ದನ್ನು ಇತರರಿಗೆ ತಿಳಿಸು, ಎಂಬ ನಾಲ್ಕು ಹೆಜ್ಜೆಗಳು; ಅಷ್ಟೇ ಅದರ ಶಾಸ್ತ್ರ. ಇಂದು ಅದು ಅನೇಕ ದೇಶಗಳಲ್ಲಿ ಹರಡಿದೆ. ಆ ವರ್ಷದ ನವೆಂಬರಿನಲ್ಲಿ ನಮ್ಮ ಮೈಸೂರಿನಲ್ಲಿಯೇ ನಡೆದ ಟೆಡ್ ಸಮ್ಮೇಳನದಲ್ಲಿ ಅವರು ಇದನ್ನು ವಿವರಿಸುತ್ತ ಹೇಳಿದ ಒಂದು ಸಂಗತಿ ಸ್ಮರಣೀಯವಾಗಿದೆ. ಬಾಲಕಾರ್ಮಿಕರ ವಿಷಯವನ್ನು ಕಲಿಸಬೇಕಾಗಿ ಬಂದಾಗ ಅವರ ಶಾಲೆಯವರು ಐದನೆಯ ತರಗತಿಯ ಮಕ್ಕಳನ್ನು ಎಂಟು ತಾಸು ಊದುಬತ್ತಿ ಹೊಸೆಯಲು ಕೂರಿಸಿದರಂತೆ. ಬೆನ್ನು ನೋಯುವುದೆಂದರೇನೆಂದು ಅರಿತ ಮೇಲೆ ಆ ಮಕ್ಕಳು ಬೀದಿಗಿಳಿದು ಊರಿನವರೊಡನೆ ವಾದಿಸಿದರು. ರಾಜಸ್ಥಾನದ ಹಳ್ಳಿಯೊಂದರ ಮಕ್ಕಳು ತಮ್ಮ ತಂದೆತಾಯಿಗಳಿಗೆ ಅಕ್ಷರ ಕಲಿಸಲು ಹೊರಟ ಸಂಗತಿಯನ್ನೂ ಅವರು ಅಲ್ಲಿ ಹೇಳಿದರು. ಪುಸ್ತಕದ ಪಾಠಕ್ಕಿಂತ ಇದು ಹೆಚ್ಚು ಆಳಕ್ಕೆ ಇಳಿಯುವುದೆಂಬುದರಲ್ಲಿ ಸಂಶಯವಿಲ್ಲ. ಆದರೂ ನಾವು ಒಂದು ಮಾತನ್ನು ಹೇಳಲೇಬೇಕು. ಮಕ್ಕಳು ತಾವೇ ಮಾಡಿ ಮುಗಿಸಬಹುದಾದ ಕಾರ್ಯಗಳಿಗೆ ಈ ಕ್ರಮವು ಒಪ್ಪುತ್ತದೆ. ಸೇತುವೆಯನ್ನಾಗಲಿ ಚರಂಡಿಯನ್ನಾಗಲಿ ಮಕ್ಕಳು ಕಟ್ಟಲಾರರು, ಕಟ್ಟಲೂ ಬಾರದು. ಅಲ್ಲಿ ನಾಲ್ಕು ಹೆಜ್ಜೆಯ ಮೇಲೆ ಐದನೆಯದೊಂದು ಬೇಕಾಗುತ್ತದೆ, ಅದನ್ನು ಇಡತಕ್ಕವರು ಕರ ವಸೂಲು ಮಾಡುವವರು.

ಹೊಸದೆಂದು ತೋರುವ ಈ ವಿಚಾರ ನಮ್ಮ ರಾಷ್ಟ್ರೀಯ ಚಳವಳಿಗೆ ಹೊಸದಲ್ಲ. ೧೯೨೨ರಲ್ಲಿ ಎಲ್ಮ್‌ಹರ್ಸ್ಟ್ ಸಾಹೇಬರ ನೆರವಿನಿಂದ ರವೀಂದ್ರನಾಥ ಠಾಕೂರರು ಶ್ರೀನಿಕೇತನವನ್ನು ಕಟ್ಟಿದಾಗ, ಸುತ್ತಣ ಹಳ್ಳಿಗಳ ಬಾಲಕರನ್ನು ‘ವ್ರತಿಬಾಲಕ’ ದಳಗಳಾಗಿ ಸೇರಿಸಿ ಮಲೇರಿಯ ನಿವಾರಣೆಯೇ ಮೊದಲಾದ ಗ್ರಾಮಕಾರ್ಯಗಳಲ್ಲಿ ತೊಡಗಿಸಲಾಯಿತು. ೧೯೩೭ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಮಹಾತ್ಮರು ಕರೆದ ಶಿಕ್ಷಣ ಸಮ್ಮೇಳನವೂ, ಡಾ. ಜಾಕೀರ್ ಹುಸೇನರ ಸಮಿತಿಯೂ, ಶಾಲೆಯು ಊರಿನ ಬಾಳಿಗೆ ಹೊರತಾಗಿರಕೂಡದೆಂಬ ತತ್ತ್ವದ ಮೇಲೆಯೇ ಏಳು ವರ್ಷಗಳ ಮೂಲಶಿಕ್ಷಣವನ್ನು ರೂಪಿಸಿದವು. ಅದರಲ್ಲಿ ಕೈಕಸುಬಿನ ಭಾಗವನ್ನು ಮಾತ್ರ ನೆನಪಿಟ್ಟುಕೊಂಡು, ತಕಲಿಯನ್ನು ಪ್ರದರ್ಶನಕ್ಕಿಟ್ಟು, ಊರಿನ ಭಾಗವನ್ನು ನಾವು ಮರೆತೆವು. ೧೯೯೩ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು ಆ ಮರೆತ ಭಾಗವನ್ನು ಸ್ವಲ್ಪಮಟ್ಟಿಗೆ ಎತ್ತಿ ಹಿಡಿದಿದೆ; ಹತ್ತರಿಂದ ಹದಿನೇಳು ವರ್ಷದ ಮಕ್ಕಳು ತಮ್ಮ ಊರಿನದೇ ಒಂದು ಸಮಸ್ಯೆಯನ್ನು ಆರಿಸಿಕೊಂಡು ಅಳೆದು ನೋಡಿ ವರದಿ ಬರೆಯಬೇಕೆಂಬುದು ಅದರ ನಿಯಮ.

ಅಳೆದು ನೋಡುವುದೆಂದರೆ ದೊಡ್ಡ ಪ್ರಯೋಗಶಾಲೆ ಬೇಕೆಂದಿಲ್ಲ. ಶಾಲೆಯಂಗಳದಲ್ಲಿ ಸೋರುವ ನಲ್ಲಿಯೊಂದಿದ್ದರೆ ಸಾಕು. ಸೆಕೆಂಡಿಗೆ ಒಂದು ಹನಿ ಬೀಳುತ್ತಿದ್ದರೆ ದಿನಕ್ಕೆ ೮೬,೪೦೦ ಹನಿ. ೨೦ ಹನಿಗೆ ಒಂದು ಮಿಲಿಲೀಟರೆಂದು ಹಿಡಿದರೆ ದಿನಕ್ಕೆ ನಾಲ್ಕು ಲೀಟರಿಗೆ ಮಿಗಿಲಾಗಿ, ವರ್ಷಕ್ಕೆ ೧,೫೦೦ ಲೀಟರಿಗಿಂತ ಹೆಚ್ಚಾಗಿ ನೀರು ಮಣ್ಣುಪಾಲಾಗುತ್ತದೆ. ಗುಣಾಕಾರ, ಭಾಗಾಕಾರ, ಅಳತೆಯ ಕೋಷ್ಟಕ, ಮೂರೂ ಒಂದೇ ಬೆಳಗಿನಲ್ಲಿ ಆದವು. ಕೊನೆಗೆ ಉಳಿಯುವುದು ಪಂಚಾಯತಿಗೊಂದು ಪತ್ರ: ಇಂತಿಷ್ಟು ನೀರು ವ್ಯರ್ಥವಾಗುತ್ತಿದೆ, ಬದಲಾಯಿಸಬೇಕಾದ ವಾಷರಿಗೆ ಇಂತಿಷ್ಟು ಬೆಲೆ. ಈ ಪತ್ರಕ್ಕೆ ಎಂಟು ದಿನದೊಳಗೆ ಉತ್ತರ ಬಂದು ನಲ್ಲಿ ದುರಸ್ತಾದರೆ ಆ ಮಗು ಲೆಕ್ಕವೂ ಪ್ರಯೋಜನಕ್ಕೆ ಬರುತ್ತದೆ, ಸರ್ಕಾರವೂ ಪ್ರಯೋಜನಕ್ಕೆ ಬರುತ್ತದೆ ಎಂದು ಕಲಿಯುತ್ತದೆ. ಉತ್ತರವೇ ಬಾರದಿದ್ದರೂ ಅದು ಒಂದು ಪಾಠವನ್ನು ಕಲಿತೇ ಕಲಿಯುತ್ತದೆ. ಹೇಳುವುದು ವ್ಯರ್ಥವೆಂಬ ಆ ಪಾಠವನ್ನು ಹತ್ತನೆಯ ವಯಸ್ಸಿನಲ್ಲಿ ಕಲಿತವನು ಮೂವತ್ತನೆಯ ವಯಸ್ಸಿನಲ್ಲಿ ಗ್ರಾಮಸಭೆಗೆ ಬರುವುದಿಲ್ಲ. ದೊಡ್ಡವರ ಗ್ರಾಮಸಭೆಗಳಿಗೆ ಜನ ಸೇರುವುದಿಲ್ಲವೆಂದು, ಸಂಖ್ಯೆ ತುಂಬಿಸುವುದಕ್ಕೆ ಮನೆಮನೆಗೆ ಹೋಗಿ ರುಜು ಹಾಕಿಸಿಕೊಳ್ಳಬೇಕಾಗುತ್ತದೆಂದು ದುಃಖಿಸುವ ಅಧಿಕಾರಿಗಳು ಇದರ ಮೂಲವೆಲ್ಲಿದೆಯೆಂದು ಯೋಚಿಸುವುದು ಒಳ್ಳೆಯದು.

೧೯೯೨ರಲ್ಲಿ ರೋಜರ್ ಹಾರ್ಟ್ ಎಂಬ ವಿದ್ವಾಂಸರು ಯುನಿಸೆಫ್ ಸಂಸ್ಥೆಗಾಗಿ ಬರೆದ ಪ್ರಬಂಧದಲ್ಲಿ, ಮಕ್ಕಳು ಸಾರ್ವಜನಿಕ ಕಾರ್ಯಗಳಲ್ಲಿ ಭಾಗವಹಿಸುವ ಬಗೆಗಳನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ಚಿತ್ರಿಸಿದ್ದಾರೆ. ಕೆಳಗಿನ ಮೂರು ಮೆಟ್ಟಿಲುಗಳನ್ನು ಅವರು ಭಾಗವಹಿಸುವಿಕೆಯೆಂದೇ ಎಣಿಸುವುದಿಲ್ಲ: ಮಕ್ಕಳ ಬಾಯಲ್ಲಿ ದೊಡ್ಡವರ ಮಾತನ್ನು ಆಡಿಸುವುದು, ಮಕ್ಕಳನ್ನು ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ವೇದಿಕೆಯ ಮೇಲೆ ಕೂರಿಸುವುದು. ನಮ್ಮ ಶಾಲೆಗಳ ವಾರ್ಷಿಕೋತ್ಸವಗಳನ್ನೂ ವಸ್ತುಪ್ರದರ್ಶನಗಳನ್ನೂ ನೋಡಿದವರಿಗೆ ಈ ಮೂರೂ ಪರಿಚಿತವೇ. ಥರ್ಮೋಕೋಲಿನಲ್ಲಿ ಕೊರೆದ ಆದರ್ಶ ಗ್ರಾಮ, ಹತ್ತಿಯ ಹೊಗೆ ಬಿಡುವ ಕಾರ್ಖಾನೆ, ಹಸಿರು ಕಾಗದದ ಮರಗಳು; ಹಿಂದಿನ ರಾತ್ರಿ ಅಂಟು ಹಚ್ಚಿದವರು ತಂದೆತಾಯಿಗಳು, ಬಹುಮಾನ ಪಡೆಯುವವರು ಮಕ್ಕಳು. ಶಾಲೆಯ ಗೋಡೆಯಾಚೆ ನಿಜವಾದ ಗ್ರಾಮವೊಂದು ನಿಜವಾದ ಚರಂಡಿಯೊಡನೆ ಇದ್ದೇ ಇದೆ. ಯಮಧರ್ಮನನ್ನೇ ಎದುರು ನಿಂತು ಪ್ರಶ್ನಿಸಿದ ನಚಿಕೇತನ ಕಥೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ದೇಶ ನಮ್ಮದು. ಬಾಲಕಿಯೊಬ್ಬಳು ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳನ್ನು ಚಿಲಕದ ವಿಷಯವಾಗಿ ಎರಡನೆಯ ಆವೃತ್ತಿ ಪ್ರಶ್ನಿಸಿದರೆ ‘ಕೂತುಕೋ ಮಗು’ ಎನ್ನುವ ದೇಶವೂ ನಮ್ಮದೇ.

ಈ ವಿಚಾರಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಊರಿನ ಕೊಳೆಯನ್ನು ತೊಳೆಯುವ ಹೊಣೆಯನ್ನು ದೊಡ್ಡವರು ಮಕ್ಕಳ ತಲೆಗೆ ಕಟ್ಟುವರೆಂಬುದು ಒಂದು. ಇದು ಬರಿಯ ಭೀತಿಯಲ್ಲ. ೨೦೨೩ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿಶಾಲೆಯೊಂದರಲ್ಲಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳನ್ನು ಮಲದ ಗುಂಡಿಗೆ ಇಳಿಸಿ ಶುಚಿ ಮಾಡಿಸಿದ ಘೋರಕೃತ್ಯ ಹೊರಬಿದ್ದು, ರಾಜ್ಯವೇ ತಲೆತಗ್ಗಿಸಬೇಕಾಯಿತು. ಶ್ರಮದಾನವೆಂಬ ಪವಿತ್ರ ಹೆಸರಿನಡಿಯಲ್ಲಿ ಯಾವ ಮಗುವಿನ ಕೈಗೆ ಪೊರಕೆ ಬರುತ್ತದೆ, ಯಾವ ಮಗುವಿನ ಕೈಗೆ ಸ್ವಾಗತದ ಹೂಗುಚ್ಛ ಬರುತ್ತದೆ ಎಂಬುದನ್ನು ಗಮನಿಸುವ ಕಣ್ಣು ಪ್ರತಿಯೊಬ್ಬ ಉಪಾಧ್ಯಾಯರಿಗೂ ಬೇಕು. ನಾವು ಹೇಳುತ್ತಿರುವುದು ಅದಕ್ಕೆ ತೀರ ವಿರುದ್ಧವಾದ ಮಾತು. ನೋಡುವುದು, ಅಳೆಯುವುದು, ಉಪಾಯ ಸೂಚಿಸುವುದು ಮಕ್ಕಳದು. ಗುದ್ದಲಿ ಹಿಡಿಯುವುದೂ ಹಣ ಕೊಡುವುದೂ ದೊಡ್ಡವರದು. ಇನ್ನೊಂದು ಆಕ್ಷೇಪಣೆ ಉಪಾಧ್ಯಾಯರದು, ಅದಕ್ಕೆ ನಮ್ಮಲ್ಲಿ ಸುಲಭವಾದ ಸಮಾಧಾನವಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ಮಕ್ಕಳಿಗೆ ಒಬ್ಬ ಉಪಾಧ್ಯಾಯರಿರಬೇಕೆಂದು ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆ ಹೇಳುತ್ತದೆ. ಆದರೆ ಸಣ್ಣ ಹಳ್ಳಿಯಲ್ಲಿ ಆ ಮೂವತ್ತು ಮಕ್ಕಳು ನಾಲ್ಕೈದು ತರಗತಿಗಳಲ್ಲಿ ಹಂಚಿಹೋಗಿರುತ್ತಾರೆ. ಆ ಒಬ್ಬರೇ ಬಿಸಿಯೂಟದ ಲೆಕ್ಕವನ್ನೂ, ಮತದಾರರ ಪಟ್ಟಿಯನ್ನೂ, ಜನಗಣತಿಯನ್ನೂ ಹೊತ್ತಿರುವಾಗ, ಅವರ ತಲೆಯ ಮೇಲೆ ಇನ್ನೊಂದು ಕಾರ್ಯಕ್ರಮವನ್ನು ಹೇರುವ ಸುತ್ತೋಲೆಯನ್ನು ನಾವು ಬೆಂಬಲಿಸೆವು. ಹೊಸ ಕಾರ್ಯಕ್ರಮವೇನೂ ಬೇಕಾಗಿಲ್ಲ. ಇರುವ ಸಭೆಯೊಂದನ್ನು ಸರಿಯಾಗಿ ನಡೆಸಿದರೆ ಸಾಕು.

ಮಕ್ಕಳ ಅಭಿಪ್ರಾಯಕ್ಕೆ ಬೆಲೆ ಕೊಡುವುದು ಔದಾರ್ಯದ ಮಾತೆಂದು ಕೆಲವರು ಭಾವಿಸಿರುವುದರಿಂದ ಒಂದು ಸಂಗತಿಯನ್ನು ಇಲ್ಲಿ ಸೇರಿಸುತ್ತೇವೆ. ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ವಿಶ್ವಸಂಸ್ಥೆಯು ೧೯೮೯ರಲ್ಲಿ ಅಂಗೀಕರಿಸಿತು. ಭಾರತ ಸರ್ಕಾರದವರು ೧೯೯೨ರ ಡಿಸೆಂಬರಿನಲ್ಲಿ ಅದಕ್ಕೆ ಒಪ್ಪಿಗೆಯಿತ್ತರು. ತನಗೆ ಸಂಬಂಧಿಸಿದ ವಿಷಯಗಳಲ್ಲಿ ತನ್ನ ಅಭಿಪ್ರಾಯವನ್ನು ಹೇಳಿಕೊಳ್ಳುವ ಹಕ್ಕು ಮಗುವಿಗುಂಟೆಂದೂ, ವಯಸ್ಸಿಗೂ ಪಕ್ವತೆಗೂ ತಕ್ಕಂತೆ ಅದಕ್ಕೆ ಮನ್ನಣೆ ಸಲ್ಲಬೇಕೆಂದೂ ಅದರ ೧೨ನೆಯ ವಿಧಿ ಹೇಳುತ್ತದೆ. ಒಪ್ಪಿದ ಮೇಲೆ ಅದು ಔದಾರ್ಯವಲ್ಲ, ಋಣ. ಇಟಲಿಯ ಫಾನೋ ಎಂಬ ಪಟ್ಟಣದವರು ೧೯೯೧ರಲ್ಲಿ ಫ್ರಾಂಚೆಸ್ಕೊ ತೊನುಚ್ಚಿಯವರ ಸಲಹೆಯಂತೆ ಊರಿನ ಅಳತೆಗೋಲಾಗಿ ಮಗುವನ್ನೇ ಇಟ್ಟುಕೊಂಡು ಪುರಾಡಳಿತವನ್ನು ವಿಚಾರಿಸತೊಡಗಿದರು. ಮಗು ಒಂಟಿಯಾಗಿ ನಡೆದು ಹೋಗಬಲ್ಲ ಬೀದಿಯು ಮುದುಕರಿಗೂ ಕುಂಟರಿಗೂ ಕ್ಷೇಮಕರವೇ ಆಗಿರುತ್ತದೆಂಬುದು ಆ ವಿಚಾರದ ಸಾರ. ಪುರಸಭೆಯ ಸದಸ್ಯರಾದ ನಮ್ಮ ವಾಚಕರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಸುತ್ತೋಲೆಯು ಹಳ್ಳಿಗಳಿಗೆ ಮಾತ್ರ ಸಲ್ಲುತ್ತದೆಂದು ಪಟ್ಟಣಗಳವರು ಸುಮ್ಮನಿದ್ದಾರೆ. ಶಾಲೆಯ ಮುಂದೆ ರಸ್ತೆ ದಾಟುವ ಗುರುತಿಲ್ಲದಿರುವುದು, ಆಟದ ಬಯಲು ವಾಹನಗಳ ನಿಲುಗಡೆಯಾಗಿರುವುದು ಪಟ್ಟಣದಲ್ಲಿಯೇ ಹೆಚ್ಚು. ವಾರ್ಡಿಗೊಂದು ಮಕ್ಕಳ ಸಭೆಯನ್ನು ಕರೆಯುವುದಕ್ಕೆ ಬೆಂಗಳೂರಿನಿಂದ ಆಜ್ಞೆ ಬರಬೇಕೆಂದಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಸಭೆಯ ಕಾರ್ಯಕ್ರಮ ಪಟ್ಟಿಯಲ್ಲಿ ಮೊದಲನೆಯ ಸ್ಥಾನವು ಸ್ವಾಗತಕ್ಕಲ್ಲ, ಹಿಂದಿನ ವರ್ಷ ಮಕ್ಕಳು ಹೇಳಿದ್ದು ಏನಾಯಿತೆಂಬ ಒಪ್ಪಿಸುವಿಕೆಗೆ ಸಲ್ಲಬೇಕು. ಆಗಿದ್ದರೆ ಆಯಿತೆಂದು, ಆಗದಿದ್ದರೆ ಆಗಲಿಲ್ಲವೆಂದು ಕಾರಣಸಹಿತವಾಗಿ ಹೇಳಬೇಕು. ಹಣವಿಲ್ಲವೆಂಬುದೂ ಒಂದು ಉತ್ತರವೇ. ಮಕ್ಕಳಿಗೆ ಅದು ಅರ್ಥವಾಗುತ್ತದೆ, ಮನೆಯಲ್ಲಿ ಅವರು ಅದನ್ನು ದಿನವೂ ಕೇಳುತ್ತಾರೆ. ಅರ್ಥವಾಗದಿರುವುದು ಮೌನ. ಎರಡನೆಯದಾಗಿ, ಶಾಲೆಗಾಗಲಿ ಶಾಲೆಯ ದಾರಿಗಾಗಲಿ ಸಂಬಂಧಿಸಿದ ಯಾವ ಕಾಮಗಾರಿಯ ಅಂದಾಜು ಪಟ್ಟಿಯನ್ನು ಸಿದ್ಧಪಡಿಸುವ ಮುಂಚೆಯೂ ಇಂಜಿನಿಯರರು ಒಂದು ತಾಸು ಆ ಮಕ್ಕಳೊಡನೆ ಆ ಜಾಗದಲ್ಲಿ ನಡೆದಾಡಲಿ. ಕಟ್ಟಿ ಮುಗಿದ ಮೇಲೆ ನಲ್ಲಿಯನ್ನು ಅರ್ಧ ಅಡಿ ಕೆಳಗಿಳಿಸುವ ಖರ್ಚಿಗಿಂತ ಈ ತಾಸಿನ ಖರ್ಚು ಕಡಮೆ. ಪಂಚಾಯತಿಯ ಸ್ವಂತ ಆದಾಯದಲ್ಲಿ ಸಣ್ಣದೊಂದು ಮೊತ್ತವನ್ನು ಮಕ್ಕಳ ಸೂಚನೆಗಳಿಗಾಗಿಯೇ ತೆಗೆದಿಡುವುದೂ ಕಠಿನವಲ್ಲ. ಚಿಲಕ, ವಾಷರು, ಹಗ್ಗ ಇಂತಹವುಗಳಿಗೆ ಲಕ್ಷಗಟ್ಟಲೆ ಬೇಕಾಗುವುದಿಲ್ಲ.

ಇದಕ್ಕೆಲ್ಲ ಬೇಕಾಗಿರುವುದು ಒಂದು ವಹಿ. ಮಗು ಹೇಳಿದ ಮಾತು, ಯಾವ ಶಾಲೆ, ಯಾರಿಗೆ ಒಪ್ಪಿಸಲಾಯಿತು, ಯಾವ ದಿನ ಮುಗಿಯಿತು, ಎಂಬ ನಾಲ್ಕು ಕಲಮುಗಳಿದ್ದರೆ ಸಾಕು. ಆ ವಹಿಯು ಪಂಚಾಯತಿ ಕಚೇರಿಯ ಬೀರುವಿನಲ್ಲಿರದೆ ಶಾಲೆಯಲ್ಲಿರಲಿ, ಏಳನೆಯ ತರಗತಿಯವರ ವಶದಲ್ಲಿರಲಿ. ಗ್ರಾಮ ಪಂಚಾಯತಿಗಳ ಜಮಾಬಂದಿಗಾಗಿ ವರ್ಷಕ್ಕೊಮ್ಮೆ ಬರುವ ಅಧಿಕಾರಿಗಳು, ಕರದ ಬಾಕಿಯ ಪುಸ್ತಕವನ್ನು ತರಿಸಿ ನೋಡುವ ದಿನವೇ, ಜವಾನನನ್ನು ಶಾಲೆಗೆ ಕಳುಹಿಸಿ ಈ ವಹಿಯನ್ನೂ ತರಿಸಿ, ನಾಲ್ಕನೆಯ ಕಲಮು ಎಷ್ಟು ತುಂಬಿದೆಯೆಂದು ನೋಡಲಿ.